ಪೈಪಿನ ಮೇಲೆ ಎರಡು ಕ್ಲಾಂಪು

ಬುಧವಾರ ಮಧ್ಯಾಹ್ನ ಠಾಣೆಯವರು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸರಿಯಾಗಿ ರಂಗಮಂದಿರದ ಮ್ಯಾನೇಜರು ಓಡಿಬಂದ. ಕುರ್ಚಿ ತೋರಿಸಿದರೂ ಕೂರದೆ ನಿಂತೇ ದೂರು ಹೇಳಿದ. ವೇದಿಕೆಯ ಮೇಲಿನ ಪೈಪಿಗೆ ಕ್ಲಾಂಪ್ ಹಾಕಿ ಕಟ್ಟಿದ್ದ ದೊಡ್ಡ ಲೈಟು ಕಳಚಿ ಬಿದ್ದಿದೆ. ಕೆಳಗಿದ್ದ ನಟಿಯ ಭುಜದ ಮೂಳೆ ಮುರಿದಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ. ಆಕೆ ನಾಟಕ ತಂಡದ ಯಜಮಾನರೂ ಮುಖ್ಯ ನಟರೂ ಆದ ಮೇಷ್ಟ್ರ ಒಬ್ಬಳೇ ಮಗಳು. ಶನಿವಾರ ಮೊದಲ ಪ್ರದರ್ಶನವಿತ್ತು.

"ಲೈಟು ಕಟ್ಟಿದ್ದು ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

"ಬಲ್ಬಣ್ಣ ಮೇಡಂ. ನಾವೆಲ್ಲ ಕರೆಯೋದೇ ಹಾಗೆ. ಅವನು ಬಿಟ್ಟು ಇನ್ಯಾರು ಮೇಲೆ ಹತ್ತುತ್ತಾರೆ?"

ನಿರ್ಲಕ್ಷ್ಯದಿಂದ ಗಾಯಪಡಿಸಿದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ದಫೇದಾರರನ್ನು ಕರೆದುಕೊಂಡು ಹೋಗಿ, ಇಬ್ಬರು ಪಂಚರ ಎದುರು ಪಂಚನಾಮೆ ಮಾಡಿದರು. ಏಣಿ ಅಡ್ಡ ಬಿದ್ದಿತ್ತು. ಲೈಟಿನ ಗಾಜು ವೇದಿಕೆಯ ತುಂಬ ಚೆಲ್ಲಿತ್ತು. ಕೊಕ್ಕೆಯಂಥ ಕಬ್ಬಿಣದ ಕ್ಲಾಂಪು ಲೈಟಿಗೇ ಅಂಟಿಕೊಂಡಿತ್ತು; ಎಲ್ಲೂ ಬಿರುಕಿಲ್ಲ, ಬೋಲ್ಟು ಮಾತ್ರ ಪೂರ್ತಿ ಸಡಿಲ. ಕ್ಲಾಂಪು ಜಾರಿದರೂ ಲೈಟು ಬೀಳದಂತೆ ಹಿಡಿಯಬೇಕಾದ ಚೈನು ತುಂಡಾಗದೆ ಪೈಪಿನಲ್ಲಿ ಸುಮ್ಮನೆ ನೇತಾಡುತ್ತಿತ್ತು. ದಫೇದಾರರು ಪೈಪಿನ ಈ ತುದಿಯಿಂದ ಆ ತುದಿಯವರೆಗೆ ಫೋಟೋ ತೆಗೆದರು.

"ಚೈನೇ ಹಾಕಿಲ್ಲ ಮಹಾರಾಯ," ಎಂದರು ದಫೇದಾರರು.

ಇನ್‌ಸ್ಪೆಕ್ಟರಿಗೆ ಅಷ್ಟೇ ಸಾಕಾಯಿತು. ಊಟಕ್ಕೆ ಹೋಗಿದ್ದ ಬಲ್ಬಣ್ಣನ ಮನೆ ಮುಂದೆ ಜೀಪು ನಿಂತಾಗ ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ತಮ್ಮ ತಂದೆಯ ವಯಸ್ಸಿನ ಆ ಮನುಷ್ಯನನ್ನು ಇನ್‌ಸ್ಪೆಕ್ಟರ್ ಹೊಸಿಲ ಮೇಲೆಯೇ ನಿಲ್ಲಿಸಿ ಕೇಳಿದರು:

"ಕುಡಿದು ಹತ್ತಿದ್ದೆಯಾ?"

"ನಾನು ಕುಡಿಯಲ್ಲಮ್ಮ."

"ಹಾಗಾದ್ರೆ ಚೈನು ಯಾಕೆ ಹಾಕಿಲ್ಲ?"

"ಹಾಕಿದ್ದೆ. ಬೋಲ್ಟೂ ಬಿಗಿದಿದ್ದೆ."

"ಅದೆಲ್ಲ ಠಾಣೆಯಲ್ಲಿ ಹೇಳುವೆಯಂತೆ. ಹತ್ತು."

ಒದ್ದೆ ಕೈಯಲ್ಲೇ ಹೊರಗೆ ಬಂದ ಹೆಂಡತಿ ಗಂಡನ ಅಂಗಿಯ ತೋಳು ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡು ತಲೆ ತಗ್ಗಿಸಿ ಜೀಪು ಹತ್ತಿದ. ರಾತ್ರಿಯೆಲ್ಲ ಠಾಣೆಯ ಬೆಂಚಿನ ಮೇಲೆ ಕೂತ. ಕೇಳಿದ್ದಕ್ಕೆಲ್ಲ ಅದೇ ಉತ್ತರ: ಹಾಕಿದ್ದೆ, ಬಿಗಿದಿದ್ದೆ.

ಗುರುವಾರ ಬೆಳಿಗ್ಗೆ ವಶಪಡಿಸಿಕೊಂಡ ವಸ್ತುಗಳಿಗೆ ಮೊಹರು ಹಾಕುವಾಗ ಇನ್‌ಸ್ಪೆಕ್ಟರ್ ಕ್ಲಾಂಪನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೋಲ್ಟಿನ ತಲೆಯ ಕಪ್ಪು ಬಣ್ಣ ಕಿತ್ತು, ಇಕ್ಕಳದ ಹಲ್ಲಿನ ಗೀರುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಬಲ್ಬಣ್ಣನ ಸೊಂಟದಿಂದ ತೆಗೆಸಿಟ್ಟಿದ್ದ ಸ್ಪ್ಯಾನರು ಮೇಜಿನ ಮೇಲೇ ಇತ್ತು. ಅದನ್ನು ಬೋಲ್ಟಿಗೆ ತೊಡಿಸಿ ನೋಡಿದರು. ಹೇಳಿ ಮಾಡಿಸಿದಂತೆ ಕೂತಿತು. ಇಂಥ ಸ್ಪ್ಯಾನರು ಇಟ್ಟುಕೊಂಡವನು ಇಕ್ಕಳದಲ್ಲಿ ಯಾಕೆ ಒದ್ದಾಡುತ್ತಾನೆ?

ಬೆಂಚಿನ ಕಡೆ ನೋಡಲು ಅವರಿಗೆ ಮುಖವಿರಲಿಲ್ಲ. ಆದರೂ ಎದ್ದು ಹೋದರು.

"ನೀವು ಮನೆಗೆ ಹೋಗಿ," ಎಂದರು. ನಿನ್ನೆಯಿಂದ ಆಡಿದ್ದ ಏಕವಚನ ಬಿಟ್ಟಿದ್ದರು. "ತಪ್ಪಾಯ್ತು. ನಾನೇ ಬಂದು ನಿಮ್ಮ ಬೀದಿಯವರ ಮುಂದೆ ಹೇಳ್ತೀನಿ."

"ಬೇಡಮ್ಮ, ಕೈ ಮುಗೀತೀನಿ. ಜೀಪು ಇನ್ನೊಂದು ಸಲ ಬಂದ್ರೆ ಜನ ಇನ್ನೊಂದು ಕತೆ ಕಟ್ಟುತ್ತಾರೆ," ಎಂದು ಅವನು ಸ್ಪ್ಯಾನರು ಕೂಡ ಕೇಳದೆ ಹೊರಟುಹೋದ.

ಹತ್ತೂವರೆಗೆ ಇನ್‌ಸ್ಪೆಕ್ಟರ್ ಮತ್ತೆ ರಂಗಮಂದಿರದಲ್ಲಿದ್ದರು. ದಫೇದಾರರು ಮೊಬೈಲಿನ ಫೋಟೋ ನೋಡುತ್ತ ಪೈಪಿನ ಕಡೆ ಕತ್ತೆತ್ತಿದವರು ಹಾಗೇ ನಿಂತರು.

"ಮೇಡಂ, ನಿನ್ನೆ ಚೈನಿನ ಪಕ್ಕದಲ್ಲಿ ಇನ್ನೊಂದು ಕ್ಲಾಂಪು ಇತ್ತು, ಸಣ್ಣದು. ಈಗ ಇಲ್ಲ ನೋಡಿ."

ಪೈಪಿನ ಧೂಳಿನಲ್ಲಿ ಬಳೆಯಷ್ಟಗಲ ಉಜ್ಜಿದ ಗುರುತು ಮಾತ್ರ ಉಳಿದಿತ್ತು. ಅದು ಮೈಕು ಕಟ್ಟುವ ಕ್ಲಾಂಪು ಎಂದು ಮ್ಯಾನೇಜರು ಹೇಳಿದ. ತಂಡದಲ್ಲಿ ಧ್ವನಿಯ ಕೆಲಸ ನೋಡುತ್ತಿದ್ದವಳು ಒಬ್ಬ ಯುವತಿ. ಹಿಂದಿನ ಪುಟ್ಟ ಕೋಣೆಯಲ್ಲಿ ವೈರು ಸುತ್ತುತ್ತ ಕೂತಿದ್ದವಳು ಇನ್‌ಸ್ಪೆಕ್ಟರನ್ನು ಕಂಡು ಎದ್ದುನಿಂತಳು.

"ಮೈಕು ಬಿಚ್ಚಿದ್ದು ನೀವೇನಾ?"

"...ಹೂಂ."

"ಯಾಕೆ?"

"ಬಲ್ಬಣ್ಣನ್ನ ಕೇಳದೆ ಅವನ ಪೈಪಿಗೆ ಕಟ್ಟಿದ್ದೆ. ಅದರ ಭಾರಕ್ಕೇ ಲೈಟು ಬಿತ್ತು ಅಂತ ನನ್ನ ತಲೆಗೆ ಕಟ್ಟುತ್ತಾರೇನೋ ಅಂತ ಹೆದರಿಕೆ ಆಯ್ತು."

"ಆಮೇಲೆ?"

ಅವಳು ಕೈಯಲ್ಲಿದ್ದ ವೈರು ಕೆಳಗಿಟ್ಟಳು. "ನಿನ್ನೆ ರೆಕಾರ್ಡಿಂಗ್ ನಿಲ್ಲಿಸೋದು ಮರೆತು ಊಟಕ್ಕೆ ಹೋಗಿದ್ದೆ. ಎಲ್ಲ ಇದೆ ಅದರಲ್ಲಿ. ರಾತ್ರಿ ಕೇಳಿದೆ. ಬಲ್ಬಣ್ಣ ಠಾಣೆಯಲ್ಲಿ ಕೂತಿದ್ದಾನೆ ಅಂತ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ."

ಹೆಡ್‌ಫೋನು ಕೊಟ್ಟಳು. ಏಣಿಯ ಕಿರುಗುಟ್ಟುವಿಕೆ, ಏದುಸಿರು, ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು. ನಡುವೆ ಒಬ್ಬ ಗಂಡಸಿನ ಪಿಸುಮಾತು: "ಈ ಮನೆಯ ಕಂಬ ಕಂಬವೂ ನನ್ನ ಬೆನ್ನ ಮೇಲೆ ನಿಂತಿದೆ. ಇದರ... ಇದರ..." ಸ್ವಲ್ಪ ಹೊತ್ತು ಬರೀ ಉಸಿರು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ ತಡೆ. ಆಮೇಲೆ ದೂರದಲ್ಲಿ ಯಾರದೋ ಹೆಜ್ಜೆ. ಗಂಡಸು ಅವಸರದಲ್ಲಿ ಇಳಿದು ಹೋದ. ಹಗುರವಾದ ಹೆಜ್ಜೆಗಳು ವೇದಿಕೆಯ ಮೇಲೆ ಬಂದವು. ಏಣಿ ಎಳೆದ ಸದ್ದು, ಅದು ಪೈಪಿಗೆ ಬಡಿದ ಸದ್ದು. ಮುಂದಿನದನ್ನು ಕೇಳಲಾರದೆ ಇನ್‌ಸ್ಪೆಕ್ಟರ್ ಹೆಡ್‌ಫೋನು ತೆಗೆದರು.

"ಯಾರ ಧ್ವನಿ ಇದು?"

"ಮೇಷ್ಟ್ರದು. ನಾಟಕದ ಕೊನೆಯ ದೃಶ್ಯದ ಮಾತು ಅದು," ಎಂದು ಯುವತಿ ನೆಲ ನೋಡಿದಳು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಮಗಳ ಹೇಳಿಕೆ ಪಡೆದರು. ಭುಜದಿಂದ ಮೊಣಕೈಯವರೆಗೆ ಪಟ್ಟಿ. ಮಾತು ನಿಧಾನ, ಆದರೆ ಸ್ಪಷ್ಟ.

"ಊಟದ ಹೊತ್ತಲ್ಲಿ ಒಬ್ಬರೇ ಅಲ್ಲಿಗೆ ಯಾಕೆ ಹೋದ್ರಿ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅಪ್ಪನಿಗೆ ಮಾತು ಮರೆತು ಹೋಗ್ತಿದೆ ಮೇಡಂ. ಕೊನೆಯ ದೃಶ್ಯದಲ್ಲಿ ದಿನಾ ಒಂದೇ ಕಡೆ ನಿಂತುಬಿಡ್ತಾರೆ. ಕೆಮ್ಮಿದ ಹಾಗೆ ಮಾಡಿ ದಾಟಿಸ್ತಾರೆ. ತಂಡದವರಿಗೆ ಇನ್ನೂ ಗೊತ್ತಾಗಿಲ್ಲ. ಅವರು ನಿಲ್ಲೋ ಮೇಜಿನ ಮೇಲೆ, ಅವರಿಗೆ ಮಾತ್ರ ಕಾಣೋ ಹಾಗೆ, ಆ ಸಾಲು ಸೀಮೆಸುಣ್ಣದಲ್ಲಿ ಬರೆದಿಡೋಣ ಅಂತ ಹೋದೆ. ಏಣಿ ಅಡ್ಡ ಇತ್ತು, ಎಳೆದೆ."

"ನಿಮಗೆ ಗೊತ್ತು ಅಂತ ಅವರಿಗೆ ಗೊತ್ತಾ?"

"ಇಲ್ಲ ಇಲ್ಲ. ನೀವೂ ಹೇಳಬೇಡಿ. ನೆಲಕ್ಕಿಳಿದು ಹೋಗ್ತಾರೆ ಪಾಪ."

ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೇಬಲ್ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಇನ್‌ಸ್ಪೆಕ್ಟರ್ ಮುಖ ನೋಡಿದಳು. ಇನ್‌ಸ್ಪೆಕ್ಟರ್ ಬರೆಯುವಂತೆ ಸನ್ನೆ ಮಾಡಿದರು.

ಸಂಜೆ ಪ್ರದರ್ಶನ ಮುಂದೂಡುವ ಮಾತಿಗಾಗಿ ತಂಡವೆಲ್ಲ ರಂಗಮಂದಿರದಲ್ಲಿ ಸೇರಿತ್ತು. ಬಲ್ಬಣ್ಣನೂ ಬಂದಿದ್ದ, ಸ್ವಿಚ್‌ಬೋರ್ಡಿನ ಹತ್ತಿರ ಒಬ್ಬನೇ ನಿಂತಿದ್ದ, ಯಾರೂ ಅವನ ಪಕ್ಕಕ್ಕೆ ಸುಳಿದಿರಲಿಲ್ಲ. ಇನ್‌ಸ್ಪೆಕ್ಟರ್ ಮೇಷ್ಟ್ರನ್ನು ವೇದಿಕೆಯ ಹಿಂದಿನ ಬಣ್ಣದ ಕೋಣೆಗೆ ಕರೆದರು. ನೀಳ ಮೂಗಿನ, ನೇರ ಬೆನ್ನಿನ ಮುದುಕರು. ಧ್ವನಿಮುದ್ರಣದ ಮೊದಲ ಸಾಲು ಕೇಳುತ್ತಲೇ ಕೈಯೆತ್ತಿ ಸಾಕು ಎಂದರು.

"ಇಕ್ಕಳ ಎಲ್ಲಿಂದ ತಂದ್ರಿ?"

"ಬಡಗಿಯ ಪೆಟ್ಟಿಗೆಯಿಂದ."

"ಯಾಕೆ ಮಾಡಿದ್ರಿ?"

"ಖಾಲಿ ವೇದಿಕೆ ಮೇಲೆ ಬೀಳಿಸಿಬಿಡೋಣ, ಪೈಪೇ ಸರಿಯಿಲ್ಲ ಅಂತ ನಾಟಕ ನಿಲ್ಲಿಸಬಹುದು ಅಂತ. ಚೈನು ಬಿಚ್ಚಿದೆ, ಬೋಲ್ಟು ಸಡಿಲ ಮಾಡಿದೆ. ಅಷ್ಟರಲ್ಲಿ ಯಾರೋ ಬಂದ್ರು."

"ಕೂಗಬಹುದಿತ್ತಲ್ಲ? ಹತ್ತಿರ ಬರಬೇಡಿ ಅಂತ?"

ಮೇಷ್ಟ್ರು ಕನ್ನಡಿಯ ಕಡೆಗೆ ಬೆನ್ನು ಹಾಕಿ ಕೂತರು. "ಪರದೆ ಹಿಂದೆ ನಿಂತಿದ್ದೆ. ಬಂದವರು ಯಾರು ಅಂತ ಕಾಣ್ತಿರಲಿಲ್ಲ. ಕೂಗಿದ್ರೆ, ನೀವ್ಯಾಕೆ ಇಲ್ಲಿದ್ದೀರಿ ಅಂತ ಕೇಳ್ತಿದ್ರು. ಒಂದು ಮಾತು... ಬಾಯಿ ಬರಲಿಲ್ಲ. ಪಕ್ಕದ ಬಾಗಿಲಿಂದ ಹೋಗಿಬಿಟ್ಟೆ. ಹೊರಗೆ ನಿಂತು ಸದ್ದು ಕೇಳಿದೆ."

"ಬಲ್ಬಣ್ಣನ್ನ ನಾವು ಎಳೆದುಕೊಂಡು ಹೋದಾಗ್ಲೂ ಸುಮ್ಮನಿದ್ರಿ."

"ಆಗ್ಲೂ ಸುಮ್ಮನಿದ್ದೆ."

ಪ್ರಶ್ನೆ ಅವರಿಗೆ ಕೇಳಿದ್ದಾದರೂ ಇನ್‌ಸ್ಪೆಕ್ಟರ್ ಕಿವಿ ಬಿಸಿಯಾಯಿತು. ಎಳೆದುಕೊಂಡು ಹೋದದ್ದು ತಾವೇ ಅಲ್ಲವೆ? ದಸ್ತಗಿರಿ ಮಾಡುತ್ತಿರುವುದಾಗಿ ಹೇಳಿ, ಕಾಗದಕ್ಕೆ ಸಹಿ ಹಾಕಿಸಿಕೊಂಡರು.

ಪಕ್ಕದ ಬಾಗಿಲಿಗೆ ಮ್ಯಾನೇಜರು ನಿನ್ನೆಯೇ ಬೀಗ ಜಡಿದಿದ್ದ. ಹೊರಗೆ ಹೋಗಲು ಉಳಿದದ್ದು ಒಂದೇ ದಾರಿ, ಜನ ಕೂತಿದ್ದ ಸಭಾಂಗಣದ ನಡುವೆ. ಬಾಗಿಲಿಗೆ ಬಂದ ಮೇಷ್ಟ್ರ ಕಾಲು ಅಲ್ಲೇ ಕಟ್ಟಿಹೋಯಿತು. ನಾಲ್ಕಾರು ತಲೆಗಳು ಇತ್ತ ತಿರುಗಿದವು. ಬಲ್ಬಣ್ಣ ಒಮ್ಮೆ ಮೇಷ್ಟ್ರನ್ನು, ಒಮ್ಮೆ ಪಕ್ಕದಲ್ಲಿದ್ದ ಸಮವಸ್ತ್ರವನ್ನು ನೋಡಿದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಕೈ ಚಾಚಿ ಮುಖ್ಯ ಸ್ವಿಚ್ಚು ಇಳಿಸಿದ. ಇಡೀ ಸಭಾಂಗಣ ಕತ್ತಲಾಯಿತು.

"ಏನಾಯ್ತು ಬಲ್ಬಣ್ಣ?" ಯಾರೋ ಕೂಗಿದರು.

"ಫ್ಯೂಸು ಹೋಯ್ತು. ಒಂದು ನಿಮಿಷ ಕೂತಲ್ಲೇ ಇರಿ."

ಇನ್‌ಸ್ಪೆಕ್ಟರ್ ಟಾರ್ಚು ಹಾಕಲಿಲ್ಲ. ಮೇಷ್ಟ್ರ ಮುಂಗೈ ಹಿಡಿದು, ಕುರ್ಚಿಗಳ ಬೆನ್ನು ತಡವುತ್ತ ಹೊರಗೆ ನಡೆಸಿಕೊಂಡು ಬಂದರು.

ಜೀಪಿನಲ್ಲಿ ಕೂತ ಮೇಲೆ ಮೇಷ್ಟ್ರು ತಲೆ ತಗ್ಗಿಸಿದರು. "ನಾಟಕ ನಿಲ್ಲಿಸೋಕೆ ಹೊರಟದ್ದು ಮರೆವು ಬಂದದ್ದಕ್ಕಲ್ಲಮ್ಮ," ಎಂದರು. "ಅದು ನಾಲ್ಕು ಜನರಿಗೆ ಗೊತ್ತಾಗತ್ತಲ್ಲ, ಆ ನಾಚಿಕೆಗೆ." ಜೀಪು ತಿರುವು ದಾಟಿತು. "ಅವಳು ಆ ಹೊತ್ತಲ್ಲಿ ಅಲ್ಲಿಗೆ ಯಾಕೆ ಬಂದಿದ್ದಳು? ನಿಮಗೇನಾದ್ರೂ ಹೇಳಿದಳಾ?"

ಸಾಕ್ಷಿಗಳ ಹೇಳಿಕೆಯ ಪ್ರತಿ ಆರೋಪಿಯ ಕೈಗೆ ಸೇರಲೇಬೇಕು, ಅದು ಕಾನೂನು. ಮಗಳ ಮಾತೆಲ್ಲ ಅದರಲ್ಲಿತ್ತು.

"ನಾಳೆ ನಿಮ್ಮ ಮಗಳನ್ನ ನೋಡೋಕೆ ಹೋಗ್ತೀನಿ," ಎಂದರು ಇನ್‌ಸ್ಪೆಕ್ಟರ್. "ಅವರೇ ನಿಮಗೆ ಹೇಳಲಿ."