ಸ್ಟೂರೆಯ ಕಾರಿಗೆ ನಿಂಬೆಹಣ್ಣು

ನಾವೀಗಿರುವ ಚಳಿದೇಶದ ವೆಸ್ಟೆರಾಸ್ ಊರಿನ ಹತ್ತಿರ ವರ್ಷಾವರ್ಷ ಹಳೇ ಕಾರುಗಳ ರೇಸ್ ನಡೆಯುತ್ತೆ. ನಮ್ಮ ಪಕ್ಕದ ಮನೆ ಗುನ್ವೋರ್ ಅಜ್ಜಿಯ ಗಂಡ ಸ್ಟೂರೆ ಮೊದಲ ವರ್ಷದಿಂದಲೂ ಅದರಲ್ಲಿ ಕಾರು ಓಡಿಸಿದವರು. ಒಮ್ಮೆ ಗೆಲ್ಲೋ ಹೊತ್ತಲ್ಲಿ ಕಾರು ನಿಲ್ಲಿಸಿ, ಅಡ್ಡ ಬಂದ ಕಪ್ಪೆಯನ್ನು ಎತ್ತಿ ಹುಲ್ಲಲ್ಲಿ ಬಿಟ್ಟು ಸೋತರಂತೆ.

ಅವರು ತೀರಿಕೊಂಡ ಮೇಲೆ ಅಜ್ಜಿ ಈ ಸಲ ರೇಸಿಗೆ ಅವರ ಕಾರನ್ನು ನನಗೆ ಕೊಟ್ಟರು. ಹೊರಡುವಾಗ ನಮ್ಮ ಪದ್ಧತಿಯಂತೆ ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸಿದೆ. ಒಂದೂ ಒಡೆದ ಸದ್ದಾಗಲಿಲ್ಲ.

ವಾಪಸ್ ಬಂದು ನೋಡಿದರೆ ನಾಲ್ಕೂ ಪಕ್ಕದ ಹುಲ್ಲಿನ ಮೇಲೆ ಇಡಿಯಾಗಿದ್ದವು, ಗ್ರೀಸಿನ ಬೆರಳಚ್ಚಿನ ಸಮೇತ.

"ಯಾರು ತೆಗೆದಿಟ್ಟಿದ್ದು ಅಜ್ಜಿ?"

"ಒಂದು ನಾನಿಟ್ಕೊಳ್ಲಾ?" ಅಂದರು.

ಅದೀಗ ಅವರ ಗ್ಯಾರೇಜಿನಲ್ಲಿ, ಕಾರಿನ ಸ್ಟೀರಿಂಗ್ ಮುಂದಿದೆ. ಚಳಿಗೆ ಗಾಜೆಲ್ಲ ಹಿಮಗಟ್ಟಿದೆ. ಹಣ್ಣು ಮಾತ್ರ, ಯಾರೋ ಈಗಷ್ಟೇ ಕೈಯಿಂದ ಕೆಳಗಿಟ್ಟಷ್ಟು ಬೆಚ್ಚಗಿರುತ್ತೆ.