ತೊಂಬತ್ತಾರು ಮೇಣದಚ್ಚುಗಳು

ಅಕ್ಟೋಬರ್ 14, ಸೋಮವಾರ, ಬೆಳಿಗ್ಗೆ 8.40. ಹೋರ್ಸೆನ್ಸ್ ಪೊಲೀಸ್ ಠಾಣೆಗೆ ಬಂದ ಪ್ರೊಫೆಸರ್ ಹೆನಿಂಗ್ ಟೋಫ್ಟ್ ತಲೆಯ ಮೇಲಿನ ಸೈಕಲ್ ಹೆಲ್ಮೆಟ್ಟನ್ನೂ ತೆಗೆಯದೆ ದೂರು ಬರೆಸಿದ. ಊರಾಚೆಯ ಔಷಧ ಸಂಶೋಧನಾ ಕೇಂದ್ರದ ಪ್ರಯೋಗಾಲಯದಲ್ಲಿ, ಬೀಗ ಹಾಕಿದ ಬೀರುವಿನಿಂದ, ಅಂಗಗಳನ್ನು ಕೆಡದಂತೆ ಮೇಣದಲ್ಲಿ ಹುದುಗಿಸಿಟ್ಟ ತೊಂಬತ್ತಾರು ಮೇಣದಚ್ಚುಗಳು ಕಾಣೆಯಾಗಿದ್ದವು. ಅವುಗಳಿಂದ ತೆಳುವಾಗಿ ಕೊಯ್ದು ಮಾಡಿದ ಸ್ಲೈಡುಗಳೂ ಇರಲಿಲ್ಲ.

"ಅಚ್ಚಿನೊಳಗೆ ಏನಿತ್ತು?" ಇನ್ಸ್‌ಪೆಕ್ಟರ್ ವಿಬೆಕೆ ರಾವ್ನ್ ಕೇಳಿದಳು.

"ಇಲಿಗಳ ವೃಷಣ. ನಲವತ್ತೆಂಟು ಗಂಡಿಲಿ, ಒಂದೊಂದರದ್ದು ಎರಡೆರಡು."

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಎಸ್ಕಿಲ್ ತಲೆ ಎತ್ತಲಿಲ್ಲ. "ಲೆಕ್ಕ ಸರಿಹೋಯ್ತು," ಎಂದ.

ಟೋಫ್ಟ್ ನಗಲಿಲ್ಲ. "ಬುದ್ಧಿಭ್ರಮಣೆಗೆ ಕೊಡೋ ಒಂದು ಮಾತ್ರೆ ಇದೆ. ಸಾವಿರಾರು ಗಂಡಸರು ನುಂಗ್ತಿದ್ದಾರೆ. ಅದನ್ನ ಎಂಟೆಂಟು ವಾರ ಇಲಿಗಳಿಗೆ ಕೊಟ್ವಿ. ವೀರ್ಯ ಹುಟ್ಟೋ ನಳಿಗೆಗಳು ಸೊರಗ್ತವೆ ಅಂತ ನನ್ನ ಅನುಮಾನ. ಮೊದಲ ತಂಡ ವಸಂತದಲ್ಲಿ ಮುಗೀತು, ಎರಡನೇದು ಹೋದ ತಿಂಗಳು. ಇವತ್ತು ಆ ನಳಿಗೆಗಳ ಎಣಿಕೆ ಶುರುವಾಗ್ಬೇಕಿತ್ತು. ಈಗ ಎರಡು ವರ್ಷದ ಕೆಲಸ ಮಣ್ಣು."

10.15ಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಕೀಲಿ ಕಾಫಿ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅಲ್ಲಿನ ಹನ್ನೊಂದು ಮಂದಿಗೂ ಅದು ಗೊತ್ತಿತ್ತು.

"ಪ್ರಾಣಿದಯೆಯವರ ಕೆಲಸ ಇರ್ಬೇಕು," ಎಂದ ಎಸ್ಕಿಲ್.

ವಿಬೆಕೆ ಪಕ್ಕದ ಕೋಣೆಯ ಬಾಗಿಲು ತೆರೆದಳು. ಪಂಜರಗಳಲ್ಲಿ ಇನ್ನೂರು ಇಲಿಗಳು ಕಾಳು ಕಟಕಟ ಕಡಿಯುತ್ತಿದ್ದವು. "ಜೀವ ಇರೋದನ್ನ ಬಿಟ್ಟು ಸತ್ತಿದ್ದನ್ನ ಹೊತ್ಕೊಂಡು ಹೋಗೋದು ಎಂಥಾ ದಯೆಯೋ?"

ಬೀರುವಿನಲ್ಲಿ ಮೂರು ಬೇರೆ ಬೇರೆ ಪ್ರಯೋಗಗಳ ಅಚ್ಚುಗಳು ಬೆರೆತಿದ್ದವು. ಅವುಗಳ ಮೇಲಿದ್ದದ್ದು ಬರೀ ಸಂಖ್ಯೆ. ಕಳ್ಳ ಮಾತ್ರ ಒಂದೂ ತಪ್ಪದಂತೆ ಇದೇ ತೊಂಬತ್ತಾರನ್ನು ಆರಿಸಿದ್ದ.

"ಸಂಖ್ಯೆಗಳ ಪಟ್ಟಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಇರಲ್ಲ," ಎಂದ ಟೋಫ್ಟ್. "ಯಾವ ಇಲಿಗೆ ಮಾತ್ರೆ, ಯಾವುದಕ್ಕೆ ಬರೀ ನೀರು ಅನ್ನೋದು ಎಣಿಸೋನಿಗೆ ಗೊತ್ತಾಗಬಾರದು. ಗುರ್ಲಿ ಇಟ್ಕೊಂಡಿರ್ತಾಳೆ." ಗುರ್ಲಿ ಬ್ಯಾಕ್ ಅಲ್ಲಿಯ ತಂತ್ರಜ್ಞೆ. ವಯಸ್ಸು ಐವತ್ತೆಂಟು, ಮೂವತ್ತೊಂದು ವರ್ಷದಿಂದ ಮೇಣ ಕೊಯ್ಯುತ್ತಿದ್ದವಳು. "ಅವಳನ್ನ ಇದಕ್ಕೆ ಎಳೀಬೇಡಿ. ಆಗಸ್ಟ್‌ನಲ್ಲಿ ಮಗ ಹೋಗ್ಬಿಟ್ಟ."

ಮಂಗಳವಾರ ಬೆಳಿಗ್ಗೆ ಎಸ್ಕಿಲ್ ಪ್ರಯೋಗಾಲಯದ ಕಸದ ರಿಜಿಸ್ಟರ್ ತಂದ. ಪ್ರತಿ ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಸುಡುವ ಕುಲುಮೆಗೆ ನಾಲ್ಕು ಹಳದಿ ಪೆಟ್ಟಿಗೆ ಹೋಗುತ್ತಿದ್ದವು. ಅಕ್ಟೋಬರ್ 11ರಂದು ಐದು. ಕಳುಹಿಸಿದವರು: ಗುರ್ಲಿ ಬ್ಯಾಕ್.

ವಿಬೆಕೆ ತನ್ನದೇ ಠಾಣೆಯ ಹಳೆಯ ಕಡತವೊಂದನ್ನು ತರಿಸಿದಳು. ಟ್ರೋಲ್ಸ್ ಬ್ಯಾಕ್, 31, ಪುರಸಭೆಯ ತೋಟದ ಕೆಲಸಗಾರ. ಆಗಸ್ಟ್ 9ರಂದು ಕೊಲ್ಲಿಯ ನೀರಿನಲ್ಲಿ ಶವ ಪತ್ತೆ. ಅನುಮಾನಾಸ್ಪದವಾದದ್ದು ಏನೂ ಇಲ್ಲ. ಮನೆಯಲ್ಲಿ ಸಿಕ್ಕ ವಸ್ತುಗಳ ಪಟ್ಟಿಯಲ್ಲಿ ಒಂದು ಸಾಲು: ಏಪ್ರಿಲ್‌ನಿಂದೀಚೆಗೆ ಕೊಂಡ ಮಾತ್ರೆ, ಒಂದೂ ಮುಟ್ಟಿಲ್ಲ. ಮಾತ್ರೆಯ ಹೆಸರು ಟೋಫ್ಟ್‌ನ ದೂರಿನಲ್ಲಿದ್ದದ್ದೇ.

ಮಧ್ಯಾಹ್ನ 3.10ಕ್ಕೆ ಗುರ್ಲಿ ಇಬ್ಬರು ಪೊಲೀಸರಿಗೆ ತನ್ನ ಮನೆಯ ಬಾಗಿಲು ತೆರೆದಳು. ಕೇಳದೆಯೇ ಮೂರು ಕಪ್ ಕಾಫಿ ಬಗ್ಗಿಸಿದಳು.

"ಐದನೇ ಪೆಟ್ಟಿಗೇಲಿ ಏನಿತ್ತು, ಗುರ್ಲಿ?"

"ಹೆನಿಂಗ್ ನನ್ನ ಹೆಸರು ಹೇಳಿದ್ನಾ?"

"ನಿಮ್ಮನ್ನ ಬಿಟ್ಬಿಡಿ ಅಂದ್ರು."

"ಪಾಪ, ಒಳ್ಳೇ ಮನುಷ್ಯ." ಅವಳು ಕೂತಳು. "ನಾನೇ ಸುಡಿಸ್ದೆ. ಅಚ್ಚು, ಸ್ಲೈಡು, ಎಲ್ಲಾ."

"ಯಾಕೆ?"

"ಟ್ರೋಲ್ಸ್ ಆರು ವರ್ಷ ಅದೇ ಮಾತ್ರೆ ನುಂಗ್ದ. ಅದರಿಂದ್ಲೇ ಮನುಷ್ಯನಾದ. ಕೆಲಸಕ್ಕೆ ಹೋದ, ಮದುವೆಯಾದ. ಮಕ್ಕಳಾಗ್ಲಿಲ್ಲ, ಹೆಂಡ್ತಿ ಬಿಟ್ಟು ಹೋದ್ಲು. ನಾನು ಗಂಡಸೇ ಅಲ್ಲ ಕಣಮ್ಮಾ ಅಂತಿದ್ದ. ಮಾರ್ಚ್‌ನಲ್ಲಿ ಮೊದಲ ತಂಡದ ಸ್ಲೈಡು ನೋಡ್ದೆ. ಪಟ್ಟಿ ಕೈಯಲ್ಲೇ ಇತ್ತಲ್ಲ. ನೀರು ಕುಡಿದ ಇಲೀಲಿ ನಳಿಗೆ ತುಂಬ್ಕೊಂಡಿತ್ತು. ಮಾತ್ರೆ ತಿಂದಿದ್ರಲ್ಲಿ ಬರೀ ಟೊಳ್ಳು."

"ಮಗನಿಗೆ ಹೇಳಿದ್ರಾ?"

"ಇದೇ ಮೇಜಿನ ಮುಂದೆ. ನಿನ್ನ ತಪ್ಪಲ್ಲ ಮಗಾ, ಮಾತ್ರೆ ತಪ್ಪು ಅಂದೆ. ಎದ್ದು ಬಂದು ಕೆನ್ನೆಗೆ ಮುತ್ತಿಟ್ಟ. ವರ್ಷಗಳಾಗಿತ್ತು ಅವನು ಹಾಗೆ ನಕ್ಕು. ಅವತ್ತೇ ಮಾತ್ರೆ ನಿಲ್ಲಿಸ್ದ. ನಂಗೆ ಹೇಳ್ಲಿಲ್ಲ." ಅವಳು ಕಾಫಿ ಕಪ್ಪನ್ನು ದೂರ ಸರಿಸಿದಳು. "ಜುಲೈ ಹೊತ್ತಿಗೆ ಗೋಡೆ ಜೊತೆ ಮಾತಾಡೋಕೆ ಶುರು ಮಾಡ್ದ."

"ಅಚ್ಚು ಸುಟ್ರೆ ಏನು ಬಂತು?"

"ಹೆನಿಂಗ್ ಇದನ್ನ ಪ್ರಕಟ ಮಾಡ್ತಾನೆ. ಪೇಪರಿನೋರು ಒಂದೇ ಸಾಲಲ್ಲಿ ಬರೀತಾರೆ. ಇನ್ನೆಷ್ಟು ಹುಡುಗ್ರು ಮಾತ್ರೆ ಎಸೀತಾರೋ?"

ಎಸ್ಕಿಲ್ ತಡೆಯಲಾರದೆ ಬಾಯಿ ಹಾಕಿದ. "ತಿಳ್ಕೊಳ್ಳೋದು ಅವರ ಹಕ್ಕಲ್ವಾ?"

"ಹಕ್ಕು!" ಗುರ್ಲಿ ಅವನತ್ತ ತಿರುಗಿದಳು. "ನನ್ನ ಮಗನಿಗೆ ಆ ಹಕ್ಕನ್ನ ಕೈಯಾರೆ ಕೊಟ್ಟೋಳು ನಾನಪ್ಪಾ."

4.05ಕ್ಕೆ ಬಂಧನ. ವಿಬೆಕೆ ಸಮಯ ಓದಿ ಹೇಳಿದಳು. ಗುರ್ಲಿ ಒಲೆ ಆರಿಸಿದೆಯೇ ಎಂದು ನೋಡಿ, ಕೋಟು ಹಾಕಿಕೊಂಡು ಹೊರಟಳು.

ಠಾಣೆಯಲ್ಲಿ ಕಾದಿದ್ದ ಟೋಫ್ಟ್, ದೂರು ವಾಪಸ್ ತೆಗೆದುಕೊಳ್ಳಬಹುದೇ ಎಂದು ಕೇಳಿದ. ಆಗುವುದಿಲ್ಲ ಎಂದಳು ವಿಬೆಕೆ.

"ನಾನು ಮತ್ತೆ ಮಾಡ್ತೀನಿ," ಎಂದ ಅವನು. "ಇನ್ನೂ ನಲವತ್ತೆಂಟು ಇಲಿ. ಅವಳಿಗೆ ಎಷ್ಟೇ ನೋವಾಗ್ಲಿ, ಮುಚ್ಚಿಡೋಕಾಗಲ್ಲ." ಹೇಳಿದವನು ತುಂಬಾ ಹೊತ್ತು ಬೆಂಚಿನಿಂದ ಏಳಲಿಲ್ಲ.

ಬುಧವಾರ 9.30ಕ್ಕೆ ಟ್ರೋಲ್ಸ್‌ನ ವೈದ್ಯರ ಹೇಳಿಕೆ ದಾಖಲಾಯಿತು. ಅವನು ಮಾತ್ರೆ ನಿಲ್ಲಿಸಿದ್ದು ಅವರಿಗೆ ಗೊತ್ತಿರಲಿಲ್ಲ.

"ಮಕ್ಕಳು ಬೇಕು ಅಂದಿದ್ರೆ ಬೇರೆ ಮಾತ್ರೆ ಇತ್ತು," ಎಂದರು ವೈದ್ಯರು. "ಆ ತೊಂದರೆ ಅದರಲ್ಲಿ ಕಡಿಮೆ. ನಿಧಾನವಾಗಿ ಬದಲಾಯಿಸಬಹುದಿತ್ತು."

"ಮಕ್ಕಳು ಬೇಕಾ ಅಂತ ನೀವು ಕೇಳಿದ್ರಾ?"

"ನಿದ್ದೆ ಬರುತ್ತಾ, ಕೆಲಸಕ್ಕೆ ಹೋಗ್ತೀಯಾ ಅಂತ ಕೇಳ್ತಿದ್ದೆ." ಅವರು ಟ್ರೋಲ್ಸ್‌ನ ಕಡತ ಮುಚ್ಚಿದರು. "ಇಲ್ಲ. ಆರು ವರ್ಷದಲ್ಲಿ ಕೇಳ್ಲಿಲ್ಲ."

ಆರೋಪಿಗೆ ವೈದ್ಯರ ಹೇಳಿಕೆಯನ್ನು ಓದಿ ಹೇಳಬೇಕಿತ್ತು. 11.20ಕ್ಕೆ ವಿಬೆಕೆ ಓದಿದಳು. ಮಗುವಿಲ್ಲದ ಬದುಕು, ಇಲ್ಲವೇ ಸಾವು. ಈ ಎರಡೇ ದಾರಿಗಳೆಂದು ನಂಬಿ ಎಲ್ಲವನ್ನೂ ಬೆಂಕಿಗೆ ಕಳುಹಿಸಿದ ಹೆಂಗಸು ಕೊನೆಯವರೆಗೂ ಅಲುಗದೆ ಕೇಳಿದಳು.

"ಬೇರೆ ಮಾತ್ರೆ ಇತ್ತಾ?"

"ಇತ್ತಂತೆ."

"ಮೂವತ್ತೊಂದು ವರ್ಷ ಔಷಧಗಳ ಮಧ್ಯೇನೇ ಕೂತಿದ್ದೆ," ಎಂದಳು ಗುರ್ಲಿ. "ನಾನೂ ಕೇಳ್ಲಿಲ್ಲ."