ರಾಶಿಯ ಕೆಳಗಿನ ಕೈ

ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಲೀಲ್ಯಾಂಡ್ ಪೆಲ್ಕಿ ತನ್ನ ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದ. ನಾನು ತಟ್ಟೆ ಹಿಡಿದು ಕಾಯುತ್ತಿದ್ದೆ. ಆಗ ನೆಟ್ಟಿ ಕ್ವಾರ್ಲ್ಸ್ ಬಂದು, ಕೋಟನ್ನೂ ಕಳಚದೆ, ಒಲೆಯ ಪಕ್ಕದ ಕುರ್ಚಿಯಲ್ಲಿ ಕುಳಿತಳು.

"ನನ್ನ ಗಂಡನ್ನ ನೀವು ಎರಡು ಸಲ ಮೈದಾನದಿಂದ ಹೊರಗೆ ಹಾಕಿದ್ದೀರಿ," ಅಂದಳು. "ಅದಕ್ಕೇ ನಿಮ್ಮ ಹತ್ರ ಬಂದೆ ಸಾರ್."

ಪೆಲ್ಕಿ ಮೀನು ಮಗುಚಿದ. "ಎರಡು ಸಲಾನೂ ಸರಿಯಾಗೇ ಹಾಕಿದ್ದೆ ಕಣಮ್ಮ."

"ಗೊತ್ತು. ಡರೆಲ್‌ ಕೂಡ ಹಾಗೇ ಅಂತಾನೆ. ನಿಮ್ಮಂಥವರು ಈ ಸಲ ಅವನದು ತಪ್ಪಿಲ್ಲ ಅಂದ್ರೆ ಮಾತ್ರ ಜನ ನಂಬ್ತಾರೆ."

ಪೆಲ್ಕಿ ವೃತ್ತಿಪರ ಅಮೆರಿಕನ್ ಫುಟ್‌ಬಾಲ್‌ನಲ್ಲಿ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟದಲ್ಲಿ, ಮೂವತ್ತೊಂದು ವರ್ಷ ಅಂಪೈರ್ ಆಗಿದ್ದವನು. ಅದರಲ್ಲಿ ಹತ್ತೊಂಬತ್ತು ವರ್ಷ ನಾನು, ಎರ್ವ್ ಸ್ಟೋಲ್ಟ್ಸ್, ಗೆರೆಯ ಬಳಿ ನಿಂತು ಸೀಟಿ ಊದಿದ್ದೇನೆ. ಈಗ ಊರಿನ ಮನೆಗಳ ಹೀಟರ್ ರಿಪೇರಿ ಮಾಡುತ್ತೇನೆ. ಪೆಲ್ಕಿ ಮಾತ್ರ ನಿವೃತ್ತನಾದ ಮೇಲೂ ಆಟ ಬಿಟ್ಟಿಲ್ಲ. ಎದುರಾಳಿಯ ಕೈಗೆ ಸಿಗದಂತೆ ಯಾರೋ ಜರ್ಸಿಗೆ ಎಣ್ಣೆ ಹಚ್ಚಿಕೊಂಡಿದ್ದನ್ನು ಬರೀ ಟವೆಲ್ ಮೂಸಿ ಹಿಡಿದವನು ಅವನು. ಚೆಂಡು ಕೈಜಾರಿದಾಗ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾಗುತ್ತಾರಲ್ಲ, ಅದರೊಳಗೆ ನುಗ್ಗಿ ಒಬ್ಬೊಬ್ಬರನ್ನೇ ಎತ್ತಿ ಬಿಸಾಡುವುದು ಅಂಪೈರನ ಕೆಲಸ. ಹಿಂಡುವುದು, ಕಚ್ಚುವುದು, ಕಣ್ಣಿಗೆ ಬೆರಳಿಡುವುದು, ಎಲ್ಲ ನಡೆಯುವುದು ಅಲ್ಲೇ, ಕ್ಯಾಮೆರಾಕ್ಕೆ ಕಾಣದ ಜಾಗದಲ್ಲಿ. ಆ ಜಾಗವನ್ನು ಅವನಷ್ಟು ಬಲ್ಲವರು ಯಾರೂ ಇಲ್ಲ. ಇದನ್ನು ನಾನು ಸ್ನೇಹಕ್ಕಾಗಿ ಹೇಳುತ್ತಿಲ್ಲ. ಅವನ ಜೊತೆ ಸ್ನೇಹ ಮಾಡುವುದು ಅಷ್ಟೇನೂ ಸುಲಭವಲ್ಲ.

ನಡೆದದ್ದು ಇಷ್ಟು. ಹಿಂದಿನ ಭಾನುವಾರ ನಮ್ಮೂರು ಪೋರ್ಟ್ ಎಲ್ಸ್‌ವರ್ತ್‌ನ ಹ್ಯಾಮರ್ಸ್ ತಂಡಕ್ಕೂ ದಕ್ಷಿಣದಿಂದ ಬಂದ ಹೆರಾನ್ಸ್ ತಂಡಕ್ಕೂ ಪಂದ್ಯವಿತ್ತು. ನೆಲ ಹೆಪ್ಪುಗಟ್ಟಿತ್ತು. ವಿರಾಮ ಮುಗಿದು ಮೂರನೆಯ ಸಲ ಚೆಂಡು ಆಡಿದಾಗಲೇ ಹೆರಾನ್ಸ್‌ನ ಓಟಗಾರ ಟೆವಿನ್ ಬೋಲ್ಡನ್‌ನ ಕೈಯಿಂದ ಚೆಂಡು ಜಾರಿತು. ಅವನೂ ಸೇರಿ ಏಳು ಜನ ರಾಶಿ ಬಿದ್ದರು. ಬಿಡಿಸಿ ನೋಡಿದರೆ ಟೆವಿನ್‌ನ ಬಲಗಾಲಿನ ಕಣಕಾಲು, ಕಣಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಬಿದ್ದು ಆದದ್ದಲ್ಲ, ಯಾರೋ ಕೈಯಿಂದ ತಿರುಚಿದ್ದು ಎಂದರು ವೈದ್ಯರು.

ಲೀಗ್‌ನವರು ಮರುದಿನವೇ ಹ್ಯಾಮರ್ಸ್‌ನ ಡರೆಲ್ ಕ್ವಾರ್ಲ್ಸ್‌ನನ್ನು ಉಳಿದ ಋತುವಿಗೆಲ್ಲ ಅಮಾನತು ಮಾಡಿದರು. ಅವನು ಟೆವಿನ್‌ನ ಕಾಲ ಬಳಿಯೇ ಬಿದ್ದಿದ್ದ. ಅವನ ಕೈಯನ್ನು ಕಣ್ಣಾರೆ ಕಂಡೆ ಎಂದು ಹೆರಾನ್ಸ್‌ನ ಸೆಂಟರ್ ಕೋಲ್ ಹೆಗ್ಲರ್ ಬರೆದುಕೊಟ್ಟಿದ್ದ. ಮೇಲಾಗಿ ಡರೆಲ್‌ನ ಹಳೆಯ ಹೆಸರೂ ಚೆನ್ನಾಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ಬಿದ್ದವನೊಬ್ಬನ ಕೈಯನ್ನು ಬೇಕೆಂದೇ ತುಳಿದು ಆರು ಪಂದ್ಯ ಹೊರಗೆ ಕೂತಿದ್ದ. ಆಗ ತಪ್ಪಿನ ಗುರುತಾಗಿ ಹಳದಿ ಧ್ವಜ ಎಸೆದವನೇ ಪೆಲ್ಕಿ.

"ಅವನೇನಂತಾನೆ?" ಪೆಲ್ಕಿ ಕೇಳಿದ.

"ನಾನಲ್ಲ ಅಂತಾನೆ. ಅಷ್ಟೇ. ಆಮೇಲೆ ಬಾಯಿಗೆ ಬೀಗ." ನೆಟ್ಟಿ ಕೈಚೀಲದ ಹಿಡಿ ತಿರುಚುತ್ತಿದ್ದಳು. "ಹನ್ನೆರಡು ವರ್ಷ ಆಡಿದ್ದಾನೆ, ಒಂದು ಸೆಮಿಫೈನಲ್ ಕಂಡಿಲ್ಲ. ಈ ಭಾನುವಾರ ಇದೆ. ಅದು ಹೋದ್ರೆ ಹೋಗ್ಲಿ ಸಾರ್. ಆದ್ರೆ ಇದೇ ಅವನ ಕೊನೇ ವರ್ಷ. ಕಾಲು ಮುರಿದವನು ಅನ್ನೋ ಹೆಸರು ಹೊತ್ಕೊಂಡು ಮನೆಗೆ ಬಂದ್ರೆ, ಉಳಿದ ಆಯಸ್ಸೆಲ್ಲ ಅವನನ್ನ ಹೇಗೆ ನೋಡ್ಲಿ?"

ಪೆಲ್ಕಿ ಒಲೆ ಆರಿಸಿದ. ನನಗೆ ಮೀಸಲಿಟ್ಟಿದ್ದ ಮೀನನ್ನು ಅವಳ ಮುಂದಿಟ್ಟ. "ಮೊದಲು ತಿನ್ನಮ್ಮ. ವಿಚಾರಣೆ ಗುರುವಾರ ತಾನೇ? ನೋಡೋಣ."

ಆ ಮಧ್ಯಾಹ್ನವೆಲ್ಲ ಪಂದ್ಯದ ವಿಡಿಯೊ ನೋಡಿದೆವು. ಬಿಳಿ ಬೂಟಿನ ಹೆರಾನ್ಸ್, ಕಪ್ಪು ಬೂಟಿನ ಹ್ಯಾಮರ್ಸ್. ಮೊದಲರ್ಧದಲ್ಲಿ ಟೆವಿನ್ ಮಂಜಿನ ಮೇಲೆ ಎರಡು ಸಲ ಜಾರಿ ಬಿದ್ದ. ಚಳಿ ಎಷ್ಟಿತ್ತೆಂದರೆ ಸೆಂಟರ್ ಹೆಗ್ಲರ್ ಪ್ರತಿ ಸಲ ಆಟ ಶುರು ಮಾಡುವ ಮೊದಲು ಬಲಗೈಗೆ ಬಾಯಿಂದ ಉಸಿರು ಊದಿಕೊಂಡೇ ಬಗ್ಗಿ, ಚೆಂಡನ್ನು ಕಾಲ ನಡುವಿಂದ ಹಿಂದಕ್ಕೆ ಕೊಡುತ್ತಿದ್ದ. ಆಮೇಲೆ ಆ ರಾಶಿ. ಹನ್ನೊಂದು ಸಲ ನೋಡಿದರೂ ನನಗೆ ಕಂಡದ್ದು ಬೆನ್ನು ಮತ್ತು ಹೆಲ್ಮೆಟ್. ಕೊನೆಗೆ ಟೆವಿನ್‌ನನ್ನು ಹೊತ್ತು ಒಯ್ದರು. ಒಂದು ಕಾಲಿಗೆ ಕಪ್ಪು ಬೂಟು, ಇನ್ನೊಂದಕ್ಕೆ ಬೂಟಿನ ಮೇಲೇ ಸುತ್ತಿದ ಪಟ್ಟಿ.

ನೆಟ್ಟಿ ಕೊಟ್ಟುಹೋಗಿದ್ದ ಕಡತದಲ್ಲಿ ಕಣಕಾಲಿನ ಫೋಟೊ ಇತ್ತು. ಒಂದು ಪಕ್ಕದಲ್ಲಿ ನಾಲ್ಕು ಉಗುರಿನ ಗುರುತು ಸಾಕ್ಸಿನ ಮೇಲಿಂದಲೇ ಚರ್ಮಕ್ಕೆ ಇಳಿದಿದ್ದವು. ಇನ್ನೊಂದು ಪಕ್ಕ ಬರೀ ಊತ, ಅಗಲವಾದ ನೀಲಿ.

"ಎರಡು ಕೈಯಲ್ಲಿ ಹಿಡಿದು ತಿರುಚಿದ್ದಾನೆ," ಅಂದೆ.

"ಹೌದು. ಒಂದು ಕೈ ಮಾತ್ರ ಗೀರಿದೆ," ಅಂದ ಪೆಲ್ಕಿ. ನನಗೆ ಸಿಟ್ಟು ಬರುವುದು ಇಂಥ ಉತ್ತರಕ್ಕೇ.

ಬುಧವಾರ ಬೆಳಿಗ್ಗೆ ಕ್ರೀಡಾಂಗಣದ ಕೆಳಗಿನ ಸಾಮಾನು ಕೋಣೆಗೆ ಹೋದೆವು. ಹ್ಯಾಮರ್ಸ್‌ನ ಬೂಟು, ಹೆಲ್ಮೆಟ್ಟುಗಳನ್ನೆಲ್ಲ ನೋಡಿಕೊಳ್ಳುವ ಗಸ್ ಮರ್ಕೆಟ್ ಅಲ್ಲಿ ಕೂತು ಬೂಟಿನ ತಳಕ್ಕೆ, ಕಾಲು ಜಾರದಂತೆ ನೆಲ ಕಚ್ಚುವ ಉದ್ದನೆಯ ಸ್ಟಡ್ ಬಿಗಿಯುತ್ತಿದ್ದ. ಅವನ ಮುಖ ಯಾವತ್ತೂ ಹುಳಿ ಕುಡಿದವನ ಹಾಗೇ ಇರುತ್ತದೆ.

"ಭಾನುವಾರ ಏನಾದ್ರೂ ವಾಪಸ್ ಬರದೇ ಉಳೀತಾ ಗಸ್?" ಪೆಲ್ಕಿ ಕೇಳಿದ.

"ಯಾರು ಹೇಳಿದ್ರು ನಿಂಗೆ? ಒಂದು ಜೊತೆ ಬೂಟು. ಹನ್ನೆರಡನೇ ಸೈಜು." ಗಸ್ ಸ್ಪ್ಯಾನರ್ ಕೆಳಗಿಟ್ಟ. "ಆ ಬಿಸಿಲೂರಿನವರು ಬೀಚಿಗೆ ಬಂದಂಗೆ ಬಂದಿದ್ರು ಕಣಯ್ಯ. ಚೋಟುದ್ದ ಸ್ಟಡ್ಡು. ಅವರ ಸಾಮಾನಿನವನು ವಿರಾಮದಲ್ಲಿ ಬಂದು ಗೋಗರೆದ. ಕೊಡದೇ ಇರೋಕಾಗುತ್ತಾ? ನಾಳೆ ನಾನೂ ಅವರೂರಿಗೆ ಹೋಗ್ಬೇಕಲ್ಲ."

ಇದು ಈ ಕೆಲಸದವರ ಹಳೆಯ ಪದ್ಧತಿ. ಮೈದಾನದಲ್ಲಿ ಎರಡು ತಂಡದವರು ಕತ್ತಿನ ಪಟ್ಟಿ ಹಿಡಿದರೂ, ಸಾಮಾನು ಕೋಣೆಯವರು ಒಬ್ಬರಿಗೊಬ್ಬರು ಇಲ್ಲ ಎನ್ನುವುದಿಲ್ಲ.

"ಟೆವಿನ್ ಹಾಕ್ಕೊಂಡಿದ್ದು ಎಲ್ಲಿ?"

"ಮೈದಾನಕ್ಕೆ ಇಳಿಯೋ ಬಾಗಿಲಲ್ಲೇ. ಅವರವರೆಲ್ಲ ಆಗಲೇ ಹೊರಗೆ ಓಡಿದ್ರು. ನಾನೇ ಕೂತು ಲೇಸ್ ಕಟ್ಟಿದೆ. ಆಸ್ಪತ್ರೇಲಿ ಬಲಗಾಲಿಂದು ಕತ್ತರಿಸಿಬಿಟ್ರಂತೆ. ಹೊಸ ಬೂಟು."

ಪೆಲ್ಕಿ ಅವನ ಭುಜ ತಟ್ಟಿದ. "ನಾಳೆ ಕೋಟು ಹಾಕ್ಕೊಂಡು ಬಾ."

ಟೆವಿನ್ ನಮ್ಮೂರಿನ ಆಸ್ಪತ್ರೆಯಲ್ಲೇ ಇದ್ದುದರಿಂದ ವಿಚಾರಣೆ ಸರೋವರದ ದಡದ ಹೋಟೆಲೊಂದರಲ್ಲಿ ನಡೆಯಿತು. ಲೀಗ್‌ನ ಶಿಸ್ತು ಅಧಿಕಾರಿ ಮಿಸೆಸ್ ಆಲ್ಡ್ರಿಚ್ ಉದ್ದ ಮೇಜಿನ ತುದಿಯಲ್ಲಿ ಕುಳಿತಿದ್ದಳು. ಒಂದು ಪಕ್ಕ ಡರೆಲ್ ಮತ್ತು ನೆಟ್ಟಿ. ಇನ್ನೊಂದು ಪಕ್ಕ ಗಾಲಿಕುರ್ಚಿಯಲ್ಲಿ ಟೆವಿನ್, ಅವನ ಬೆನ್ನಿಗೆ ಕಾವಲಿನ ಹಾಗೆ ಹೆಗ್ಲರ್. ಐದು ವರ್ಷದಿಂದ ಎದುರಾಳಿಗಳನ್ನು ತಳ್ಳಿ ಹೆಗ್ಲರ್ ದಾರಿ ಬಿಡಿಸುವುದು, ಟೆವಿನ್ ಆ ದಾರಿಯಲ್ಲಿ ಓಡುವುದು. ಗಸ್ ಕೋಟು ಹಾಕಿಕೊಂಡು ಇನ್ನಷ್ಟು ಹುಳಿಯಾಗಿದ್ದ.

"ಪೆಲ್ಕಿಯವರೇ, ನೀವು ಈ ಮನುಷ್ಯನ ಪರ ಮಾತಾಡ್ತೀರಿ ಅಂತ ನಾನು ಅಂದ್ಕೊಂಡಿರ್ಲಿಲ್ಲ," ಎಂದಳು ಅಧಿಕಾರಿ.

"ನಾನೂ ಅಂದ್ಕೊಂಡಿರ್ಲಿಲ್ಲ ಮೇಡಂ. ಮೊದಲು ಹೆಗ್ಲರ್‌ಗೆ ಒಂದು ಪ್ರಶ್ನೆ." ಪೆಲ್ಕಿ ಅವನತ್ತ ತಿರುಗಿದ. "ರಾಶಿಯೊಳಗೆ ನಿಂಗೇನು ಕಾಣಿಸ್ತಪ್ಪ?"

"ಬರೆದುಕೊಟ್ಟಿದ್ದೀನಲ್ಲ ಸಾರ್. ಡರೆಲ್‌ನ ಕೈ. ಕೆಂಪು ಗ್ಲೌಸು. ಕಾಲಿನ ಮೇಲಿತ್ತು."

"ಕಾಲು ಎಷ್ಟು ಕಾಣ್ತು?"

"ಮೊಣಕಾಲಿಂದ ಕೆಳಗೆ. ಮೇಲೆಲ್ಲ ಜನ ಬಿದ್ದಿದ್ರು."

"ಬೂಟು ಯಾವ ಬಣ್ಣದ್ದು?"

"ಕಪ್ಪು."

"ಸರಿಯಾಗಿ ಹೇಳ್ದೆ. ಗಸ್ ಕೊಟ್ಟ ಬೂಟು ಕಪ್ಪೇ. ಟೆವಿನ್, ಬೂಟು ಬದಲಾಯಿಸಿದ್ದು ನಿನ್ನ ತಂಡದವರಿಗೆ ಗೊತ್ತಿತ್ತಾ?"

"ಇಲ್ಲ ಸಾರ್. ಎಲ್ಲರೂ ಮುಂದೆ ಹೋಗಿಬಿಟ್ಟಿದ್ರು. ಹೇಳೋಕೆ ಟೈಮೇ ಇರ್ಲಿಲ್ಲ."

"ಹಾಗಾದ್ರೆ ಹೆಗ್ಲರ್, ನೀನು ಕಂಡಿದ್ದು ಒಂದು ಕಪ್ಪು ಬೂಟು. ಅಂದ್ರೆ ಹ್ಯಾಮರ್ಸ್‌ನವನ ಕಾಲು. ಅದರ ಮೇಲೆ ಹ್ಯಾಮರ್ಸ್‌ನವನದೇ ಕೈ. ತನ್ನವನ ಕಾಲನ್ನ ತಾನೇ ತಿರುಚ್ತಾನೆ ಅಂತ ಯಾರಾದ್ರೂ ಅಂದ್ಕೋತಾರಾ? ಅದು ಟೆವಿನ್ ಕಾಲು ಅಂತ ನಿಂಗೆ ಗೊತ್ತಾಗಿದ್ದು ಯಾವಾಗ?"

ಹೆಗ್ಲರ್ ಟೆವಿನ್‌ನ ಗಾಲಿಕುರ್ಚಿಯ ಹಿಡಿ ಹಿಡಿದುಕೊಂಡ.

ಪೆಲ್ಕಿ ಫೋಟೊವನ್ನು ಮೇಜಿನ ಮೇಲೆ ಜಾರಿಸಿದ. "ಮೇಡಂ, ಮೊದಲ ದಿನ ನಾವೆಲ್ಲ ಒಂದೇ ಪ್ರಶ್ನೆ ಹಿಡ್ಕೊಂಡ್ವಿ. ಟೆವಿನ್ ಕಾಲು ಮುರಿದ್ರೆ ಯಾರಿಗೆ ಲಾಭ? ಹ್ಯಾಮರ್ಸ್‌ಗೆ. ಅಲ್ಲೇ ಎಡವಿದ್ವಿ. ರಾಶಿಯೊಳಗೆ ಯಾರೂ ಮುಖ ನೋಡಿ ತಿರುಚಲ್ಲ. ಬೂಟು ನೋಡಿ ತಿರುಚ್ತಾರೆ, ಚೆಂಡು ಬಿಡ್ಲಿ ಅಂತ. ಈಗ ಉಗುರು ನೋಡಿ. ಒಂದು ಪಕ್ಕ ಗೀರಿದೆ, ಒಂದು ಪಕ್ಕ ಇಲ್ಲ. ಒಂದು ಕೈಗೆ ಗ್ಲೌಸು ಇತ್ತು, ಇನ್ನೊಂದು ಬರಿಗೈ. ಏಳು ಜನ, ಹದಿನಾಲ್ಕು ಕೈ. ರಾಶಿ ಬಿಡಿಸಿದಾಗ ಒಂದೊಂದನ್ನೂ ವಿಡಿಯೊದಲ್ಲಿ ಎಣಿಸಿದೆ. ಡರೆಲ್‌ನ ಎರಡೂ ಗ್ಲೌಸು ಕೈಯಲ್ಲೇ ಇದ್ವು. ಹದಿಮೂರು ಕೈಗೆ ಗ್ಲೌಸಿತ್ತು. ಇಲ್ಲದ್ದು ಒಂದೇ. ಚೆಂಡು ಜಾರಬಾರದು ಅಂತ ಎಷ್ಟೇ ಚಳಿಯಿದ್ರೂ ಬಲಗೈ ಬರಿದಾಗೇ ಇಡೋನು, ಅದಕ್ಕೆ ಪ್ರತಿ ಸಲ ಉಸಿರು ಊದೋನು."

ಎಲ್ಲರ ಕಣ್ಣೂ ಹೆಗ್ಲರ್‌ನ ಬಲಗೈ ಮೇಲೆ ಹೋದವು. ಅದು ಟೆವಿನ್‌ನ ಗಾಲಿಕುರ್ಚಿಯ ಹಿಡಿಯ ಮೇಲಿತ್ತು. ಹನ್ನೊಂದು ಸಲ ವಿಡಿಯೊ ನೋಡಿಯೂ ಅದು ನನಗೆ ಬರೀ ಚಳಿಯಾಗಿ ಕಂಡಿತ್ತಲ್ಲ ಎಂದು ನಾಚಿಕೆಯಾಯಿತು. ಪೆಲ್ಕಿಯ ಮೇಲೆ ಹೆಮ್ಮೆಯೂ ಆಯಿತು.

ಟೆವಿನ್ ಕುತ್ತಿಗೆ ತಿರುಗಿಸಿ ಮೇಲೆ ನೋಡಿದ. "ಕೋಲ್?"

ಆ ಬೆಟ್ಟದಂಥ ಮನುಷ್ಯ ಅಲ್ಲೇ ಮಂಡಿಯೂರಿದ. "ಕಪ್ಪು ಬೂಟು ಕಂಡೆ ಕಣೋ. ಅವರವನದು ಅಂದ್ಕೊಂಡೆ. ನೀನು ಕಿರುಚಿದ ಮೇಲೇ ಗೊತ್ತಾಗಿದ್ದು. ನಿನ್ನದು ಅಂತ ಗೊತ್ತಿದ್ರೆ ಮುಟ್ತಾ ಇದ್ನಾ?"

ಟೆವಿನ್ ಮೆಲ್ಲಗೆ ಕೇಳಿದ: "ಅವರವನದೇ ಆಗಿದ್ರೆ ಸರಿಯಿತ್ತಾ?"

ಆ ಪ್ರಶ್ನೆ, ಕೋಣೆಯಲ್ಲಿ ಆಟದಿಂದ ಅನ್ನ ತಿಂದ ನಮಗೆಲ್ಲರಿಗೂ ಸೇರಿದ್ದಾಗಿತ್ತು.

ಮಿಸೆಸ್ ಆಲ್ಡ್ರಿಚ್ ಡರೆಲ್‌ನತ್ತ ತಿರುಗಿದಳು. "ನಿಮ್ಮ ಗ್ಲೌಸನ್ನ ಕಂಡೆ ಅಂತಾರಲ್ಲ, ಅದಾದ್ರೂ ನಿಜವಾ?"

"ನಿಜ ಮೇಡಂ." ಡರೆಲ್ ಮೊದಲ ಸಲ ಬಾಯಿಬಿಟ್ಟ. "ಹೆಗ್ಲರ್‌ನ ಮಣಿಕಟ್ಟು ಹಿಡಿದು ಎಳೀತಿದ್ದೆ. ಬಿಡಿಸೋಕಾಗಲಿಲ್ಲ."

"ಅದನ್ನ ಹೇಳಬಾರದಿತ್ತಾ?"

"ರಾಶಿಯೊಳಗಿಂದನ್ನ ಹೊರಗೆ ಹೇಳೋ ರೂಢಿ ನಮ್ಮಲ್ಲಿಲ್ಲ. ಆಮೇಲೆ..." ಅವನು ತನ್ನ ದೊಡ್ಡ ಕೈಗಳನ್ನು ನೋಡಿಕೊಂಡ. "ನಾಲ್ಕು ವರ್ಷದ ಹಿಂದೆ ನಾನು ತುಳಿದ ಹುಡುಗ ಮತ್ತೆ ಚೆಂಡು ಹಿಡೀಲಿಲ್ಲ. ಇನ್ನೊಬ್ಬನ ಕಡೆ ಬೆರಳು ತೋರ್ಸೋಕೆ ನಾನ್ಯಾರು ಅನ್ನಿಸ್ತು."

ನೆಟ್ಟಿ ಅವನ ಬೆನ್ನಿಗೊಂದು ಗುದ್ದು ಕೊಟ್ಟಳು. "ಅದನ್ನ ನಂಗಾದ್ರೂ ಹೇಳಬಾರದಾಗಿತ್ತೇನೋ ಪುಣ್ಯಾತ್ಮ," ಎಂದು ಅಳತೊಡಗಿದಳು.

ಅಮಾನತು ಆ ಮೇಜಿನ ಮೇಲೆಯೇ ರದ್ದಾಯಿತು. ಹೆಗ್ಲರ್‌ಗೆ ಮುಂದಿನ ಇಡೀ ಋತು ಆಟವಿಲ್ಲ. ತಿರುಚಿದ್ದಕ್ಕೆ ಅರ್ಧ, ಸುಳ್ಳು ಬರೆದುಕೊಟ್ಟದ್ದಕ್ಕೆ ಅರ್ಧ. ಟೆವಿನ್‌ನ ಗಾಲಿಕುರ್ಚಿಯನ್ನು ಹೊರಗೆ ತಳ್ಳಿಕೊಂಡು ಹೋದವನು ಡರೆಲ್. ಗಸ್ ಮಾತ್ರ ಅಧಿಕಾರಿಯ ಹತ್ತಿರ ತನ್ನ ಬೂಟಿನ ಗತಿಯೇನು ಎಂದು ಕೇಳುತ್ತಾ ನಿಂತಿದ್ದ.

ಬಾಗಿಲ ಬಳಿ ಡರೆಲ್ ನಿಂತ. "ಭಾನುವಾರ ಬನ್ನಿ ಸಾರ್."

"ಬರ್ತೀನಿ," ಅಂದ ಪೆಲ್ಕಿ. "ನನ್ನ ಹಳದಿ ಧ್ವಜ ಇನ್ನೂ ಹತ್ರಾನೇ ಇದೆ. ಎಡವಟ್ಟು ಮಾಡಿದ್ರೆ ಸೀಟಿಂದಲೇ ಎಸೀತೀನಿ."

ಡರೆಲ್ ನಕ್ಕ. ಆದರೆ ಪೆಲ್ಕಿ ತಮಾಷೆಗೆ ಹೇಳಿರಲಿಲ್ಲ. ಭಾನುವಾರ ನಿಜಕ್ಕೂ ಆ ಧ್ವಜವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಹ್ಯಾಮರ್ಸ್ ಮೂರು ಅಂಕದಿಂದ ಸೋತಿತು. ಕೊನೆಯ ನಿಮಿಷದಲ್ಲಿ ಚೆಂಡು ಕೈಜಾರಿ ಒಂದು ದೊಡ್ಡ ರಾಶಿಯೇ ಬಿತ್ತು. ಡರೆಲ್ ಅದರ ತಳದಲ್ಲಿದ್ದ. ಪೆಲ್ಕಿ ಎದ್ದು ನಿಂತ. ಅವನ ಕೈ ಜೇಬಿನೊಳಗೆ ಹೋದದ್ದನ್ನು ನಾನು ಕಂಡೆ. ಅಂಪೈರ್ ಒಬ್ಬೊಬ್ಬರನ್ನಾಗಿ ಎತ್ತಿದ. ಎಲ್ಲರಿಗಿಂತ ಕೊನೆಗೆ ಡರೆಲ್ ಎದ್ದ. ಚೆಂಡು ಅವನಿಗೆ ಸಿಕ್ಕಿರಲಿಲ್ಲ. ಎದ್ದವರಲ್ಲಿ ಒಬ್ಬರೂ ಕುಂಟಲಿಲ್ಲ.

ಪೆಲ್ಕಿ ಕೂತ. ಮನೆಗೆ ಹೋದ ಮೇಲೆ ಕೋಟು ನೇತುಹಾಕುವಾಗ ನೋಡಿದೆ; ಧ್ವಜದ ಮಡಿಕೆ ಬಿಚ್ಚಿರಲಿಲ್ಲ.